ಸೆಟಿವಿ ನಗಿಸದ ಕೂಸು

ಉಸಿರಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಎಂದು ಜನ ನಂಬಿದ್ದಾರೆ. ತಿಂಗಳು ತುಂಬಿ ಹುಟ್ಟಿದವರ ಜಂಬ ಅದು. ಎರಡು ತಿಂಗಳು ಮೊದಲೇ ಅವಸರಪಟ್ಟು ಬಂದ ಕೂಸುಗಳನ್ನು ಸಾಕಿದವರನ್ನು ಕೇಳಿ ನೋಡಿ. ಅಂಗೈಯಗಲದ ಕೂಸು ಹಾಲು ಕುಡಿದಿರುತ್ತದೆ, ಮೈ ಬೆಚ್ಚಗಿರುತ್ತದೆ, ಎದೆ ಸಣ್ಣಗೆ ಏರಿಳಿಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಉಸಿರಾಡುವುದನ್ನೇ ಮರೆತುಬಿಡುತ್ತದೆ. ನೋವಿಲ್ಲ, ಒದ್ದಾಟವಿಲ್ಲ. ಪೇಟೆಗೆ ಹೋದವರು ಛತ್ರಿ ಮರೆತು ಬರುವ ಹಾಗೆ ಸುಮ್ಮನೆ ಮರೆತುಬಿಡುತ್ತದೆ. ಪಾದಕ್ಕೆ ಒಂದು ಬೆರಳು ತಾಗಿಸಿದರೆ ನೆನಪಾಗಿ ಮತ್ತೆ ಶುರುಮಾಡುತ್ತದೆ. ತಾಗಿಸುವ ಬೆರಳು ಹತ್ತಿರ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಿದುಳು ಬೆನ್ನುಹುರಿಗೆ ಇಳಿಯುವ ಜಾಗದಲ್ಲಿ ಜೋಳದ ಕಾಳಿಗಿಂತ ಚಿಕ್ಕದಾದ ಒಂದು ನರಗಳ ಗುಂಪಿದೆ. ‘ಎಳೆ, ಬಿಡು, ಎಳೆ, ಬಿಡು’ ಎಂದು ಎದೆಗೆ ಸಾಯುವ ತನಕ ತಾಳ ಹಾಕುವುದು ಅದರ ಕೆಲಸ. ಅವಸರದ ಕೂಸುಗಳಲ್ಲಿ ಈ ಗುಂಪು ಇನ್ನೂ ಹಸಿ. ಅದರ ಮೇಲೆ ದಣಿವಿನ ಕಾಟ ಬೇರೆ. ದಣಿದ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಸ ಸೇರುತ್ತ ಹೋಗುತ್ತದೆ. ನರಗಳ ಮೇಲೆ ಅದಕ್ಕೊಂದು ಆಸನವಿದೆ. ಅಲ್ಲಿ ಕೂತು ‘ಸಾಕು, ಮಲಗಿನ್ನು’ ಎನ್ನುತ್ತದೆ. ಕಾಫಿಯೊಳಗಿನ ಕೆಫೀನು ಮಾಡುವುದು ಇಷ್ಟೇ: ಬಸ್ಸಿನ ಕಿಟಕಿಯಿಂದ ಕೈಹಾಕಿ ಸೀಟಿಗೆ ಟವೆಲ್ಲು ಎಸೆದವನ ಹಾಗೆ, ಆ ಆಸನವನ್ನು ಮೊದಲೇ ಹಿಡಿದುಬಿಡುತ್ತದೆ. ಅದಕ್ಕೇ ಇಂಥ ಮಕ್ಕಳಿಗೆ ವೈದ್ಯರು ಬಹಳ ಕಾಲದಿಂದ ದಿನವೂ ಒಂದಿಷ್ಟು ಕೆಫೀನು ಕೊಡುತ್ತ ಬಂದಿದ್ದರು.

ದಿನವೂ ಏಕೆ, ಒಂದೇ ಹನಿ ಸಾಲದೆ? ಹೀಗೊಂದು ಯೋಚನೆ ಬಂದದ್ದು ಮಕ್ಕಳ ಡಾಕ್ಟರಾದ ನನಗೆ. ಕೆಫೀನಿನ ದಾಯಾದಿಯಂಥ ಒಂದು ಔಷಧ ಮಾಡಿದೆವು. ನಾಲಿಗೆಯ ಮೇಲೆ ಒಂದು ಹನಿ ಬಿದ್ದರೆ, ಕೂಸು ಹುಟ್ಟಬೇಕಿದ್ದ ದಿನ ಬರುವ ತನಕ ಅದು ಆಸನ ಬಿಟ್ಟೇಳುವುದಿಲ್ಲ. ಹೆಸರು ಜಾಗರಿ. ಜೊತೆಗೆ ಕುತ್ತಿಗೆಯ ಹಿಂದೆ ಅಂಟಿಸುವ ಒಂದು ಚುಕ್ಕಿ. ಒಳಗಿನ ನರಗಳ ತಾಳವನ್ನು ಅದು ಕೇಳಿಸಿಕೊಂಡು ನಮಗೆ ಕಳಿಸುತ್ತಿತ್ತು. ಮೊದಲು ಬಿಳಿಯ ಚುಕ್ಕಿ ಮಾಡಿದ್ದೆವು, ತಾಯಂದಿರು ಕಿತ್ತೆಸೆದರು. ಕಪ್ಪು ಬಣ್ಣ ಹಚ್ಚಿದ ಮೇಲೆ ದೃಷ್ಟಿಬೊಟ್ಟು ಎಂದುಕೊಂಡು ಯಾರೂ ಮುಟ್ಟಲಿಲ್ಲ.

ಗದಗಿನಲ್ಲಿ ಹತ್ತಿ ಜಿನ್ನಿನ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಉಸಿರುಮನೆ ಇತ್ತು. ಒಳಗೆ ಕತ್ತಲು. ಎದುರಿನ ಗೋಡೆಯ ತುಂಬ ಸಣ್ಣ ಸಣ್ಣ ದೀಪ, ಜಾಗರಿ ಕುಡಿದು ಮನೆ ಸೇರಿದ ಒಂದೊಂದು ಕೂಸಿಗೂ ಒಂದೊಂದು. ಕೂಸು ಉಸಿರೆಳೆದರೆ ದೀಪ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಎಚ್ಚರವಿದ್ದರೆ ಹಳದಿ, ಬರಿಯ ನಿದ್ದೆಯಲ್ಲಿ ನೀಲಿ, ಕನಸಿನ ನಿದ್ದೆಯಲ್ಲಿ ಹಸಿರು. ಆ ಕೋಣೆಯಲ್ಲಿ ಒಂದಿಷ್ಟು ಹೊತ್ತು ಕೂತರೆ ನಮ್ಮ ಉಸಿರೂ ದೀಪಗಳ ಲಯಕ್ಕೆ ಬಿದ್ದು, ನೆಲ ಕಾಲಿಗೆ ಸಿಗದಂತಾಗುತ್ತಿತ್ತು. ಚಹಾ ತಂದವರು ಬಾಗಿಲಲ್ಲೇ ನಿಂತು, ಯಾಕೆ ಬಂದೆವೆಂಬುದನ್ನು ಮರೆಯುತ್ತಿದ್ದರು.

ಗೋಡೆಯನ್ನು ನೋಡಿಕೊಳ್ಳುತ್ತಿದ್ದವನು ಮಾಬುಸಾಬ, ನಮ್ಮ ಎಂಜಿನಿಯರ್. ಒಂದು ದಿನ ಅವನು ನಾಲ್ಕಾರು ದೀಪಗಳನ್ನು ಬಿಚ್ಚಿಕೊಂಡು ಕೂತಿದ್ದ.

“ಹಸಿರು ಬಲ್ಬ್ ಎಲ್ಲಾ ಸುಟ್ಟಾವ ಕಾಣ್ತೈತ್ರಿ ಮೇಡಂ. ಒಂದರ ಹತ್ತವಲ್ಲದು.”

“ಬಲ್ಬ್ ಚಲೋನ ಅದಾವ ಮಾಬುಸಾಬ. ಜಾಗರಿ ಕುಡದ ಕೂಸು ಕನಸಿನ ನಿದ್ದಿಗೆ ಇಳಿಯೂದಿಲ್ಲ. ಎಚ್ಚರ ಇರತೈತಿ, ಇಲ್ಲಾ ಒಂದೀಟು ಜೊಂಪು ಹತ್ತತೈತಿ. ಉಸಿರು ಮರಿಯೂದ ಬಾಳ ಮಾಡಿ ಕನಸಿನ ನಿದ್ದ್ಯಾಗ. ಅದು ಇಲ್ಲದಿದ್ರ ಚಲೋನ ಆತಲ್ಲ?”

ಅವನು ದೀಪಗಳನ್ನು ಮತ್ತೆ ಜೋಡಿಸಿದ. ನನಗಂತೂ ಹೆಮ್ಮೆಯೇ. ಗೋಡೆ ತುಂಬ ಹಳದಿ, ಒಂದೂ ಆರುತ್ತಿರಲಿಲ್ಲ.

ಬೆಟಗೇರಿಯ ಭಜಂತ್ರಿ ಓಣಿಯ ಕಸ್ತೂರಿಯ ಕೂಸೂ ಅದರಲ್ಲೊಂದು. ಹೆಣ್ಣುಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಕಸ್ತೂರಿ ಬಾಣಂತನಕ್ಕೆ ತವರಿನಲ್ಲಿದ್ದಳು. ತಲೆತಲಾಂತರದಿಂದ ಸನಾದಿ ಊದುವ ಮನೆ ಅದು. ಮದುವೆಯಿರಲಿ, ಜವಳವಿರಲಿ, ಅವರ ಸನಾದಿ ಇಲ್ಲದೆ ಆ ಕಡೆ ಏನೂ ನಡೆಯುತ್ತಿರಲಿಲ್ಲ. ಕಸ್ತೂರಿಯ ಅಣ್ಣ ದುರ್ಗಪ್ಪ ನಾನು ಹೋದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದ.

“ಏಳು ತಲಿಯಿಂದ ಊದಕೋತ ಬಂದೇವ್ರಿ ಬಾಯಾರ. ಈ ಕೂಸಿನ ಪಾಲಿನ ಉಸಿರೂ ನಾವ ಊದಿ ಖಾಲಿ ಮಾಡೇವಿ ಕಾಣ್ತೈತಿ.”

ಅವರ ತಾಯಿ ಫಕೀರವ್ವನ ಬಾಯಿ ಇನ್ನೂ ಜೋರು. “ನಮ್ಮ ಮನ್ಯಾಗ ಚಾ ಬಿಟ್ರ ಬ್ಯಾರೆ ಕಂಡಿಲ್ರಿ. ಈಕಿ ಮಾತ್ರ ಹುಟ್ಟಿದ ಕೂಡ್ಲೆ ಕಾಫಿ ಕೇಳ್ಯಾಳ ನೋಡ್ರಿ, ದೊಡ್ಡ ಸಾಹೇಬರ ಮಗಳು!” ಎಂದು ನಕ್ಕು, ಕೆಮ್ಮಿ, ಎದೆ ಹಿಡಿದುಕೊಳ್ಳುತ್ತಿದ್ದಳು. ಒಲೆಯ ಹೊಗೆ ಕುಡಿದು ಕುಡಿದು ಅವಳ ಉಸಿರು ಮೋಟಾಗಿಬಿಟ್ಟಿತ್ತು. ಒಂದು ಮಾತಿಗೆ ಎರಡು ಸಲ ಉಸಿರೆಳೆಯಬೇಕು.

ಒಂದು ದಿನ ನಾನು ಹೋದಾಗ ಮಾತ್ರ ಅವಳು ನಗಲಿಲ್ಲ. ತೊಟ್ಟಿಲೊಳಗೆ ಕೂಸು ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತ ಮಲಗಿತ್ತು. ಅಳುವುದಿಲ್ಲ, ಕಾಡುವುದಿಲ್ಲ. ಜಾಗರಿ ಮಕ್ಕಳೆಲ್ಲ ಹಾಗೇ, ಬಸ್ಸು ಕಾಯುವವರ ಹಾಗೆ ಸುಮ್ಮನಿರುತ್ತಿದ್ದವು.

“ಇದು ನಿದ್ದ್ಯಾಗ ನಗವಲ್ಲದ್ರಿ ಬಾಯಾರ,” ಎಂದಳು ಫಕೀರವ್ವ. “ಸೆಟಿವಿ ತಾಯಿ ಐದನೇ ದಿವಸ ಬಂದು ಕೂಸಿನ ಹಣಿಮ್ಯಾಲ ಬರದು ಹೋಗತಾಳ. ಬರದಿದ್ದನ್ನ ಆಮ್ಯಾಲ ದಿನಾ ಬಂದು, ನಿದ್ದ್ಯಾಗ, ಕೂಸಿಗೆ ಓದಿ ಹೇಳತಾಳ. ಸುಖದ ಮಾತು ಬಂದ್ರ ಕೂಸು ನಗತೈತಿ. ದುಃಖದ ಮಾತು ಬಂದ್ರ ತುಟಿ ಸೊಟ್ಟ ಮಾಡತೈತಿ. ಐದನೇ ದಿವಸ ಇದು ದವಾಖಾನಿ ಗಾಜಿನ ಪೆಟಿಗ್ಯಾಗಿತ್ತು. ತಾಯಿಗೆ ಬಾಗಲಾ ಸಿಗಲಿಲ್ಲೇನೊ, ಹೊಳ್ಳಿ ಹೋಗ್ಯಾಳ.”

ನಾನು ನಕ್ಕೆ. “ಅಜ್ಜಿ, ಉಸಿರಾಡಾಕತ್ತೈತಿ, ಅಷ್ಟ ಸಾಕು. ನಗೂದು ಮುಂದ ಕಲೀತಾಳ. ನೀವು ಎದಿಹಾಲು ಬಿಟ್ಟು ಬಾಯಿಗೆ ಏನೂ ಹಾಕಬ್ಯಾಡ್ರಿ.”

“ಹೂಂ ಬಿಡ್ರಿ, ಎದಿಹಾಲು ಬಿಟ್ಟು ಏನೂ ಹಾಕೂದಿಲ್ಲ,” ಎಂದಳು. ಅವಳು ಕೊಟ್ಟ ಮಾತನ್ನು ಹೇಗೆ ಉಳಿಸಿಕೊಂಡಳೆಂದು ಮುಂದೆ ಗೊತ್ತಾಗುತ್ತದೆ.

ಅದಾದ ಕೆಲವು ದಿನಕ್ಕೆ, ಬಿಸಿಲು ರಣಗುಟ್ಟುವ ಒಂದು ಮಧ್ಯಾಹ್ನ, ಮಾಬುಸಾಬ ನನ್ನನ್ನು ಕೂಗಿದ. ಅವನ ದನಿ ಕೇಳಿ ಓಡಿದೆ.

ಹಳದಿ ಗೋಡೆಯ ನಡುವೆ ಒಂದು ದೀಪ ಹಸಿರಾಗಿತ್ತು.

ಹಳದಿ ದೀಪಗಳದು ಒಂದೇ ಸಮನೆಯ ಏರಿಳಿತ. ಇದು ಹಾಗಿರಲಿಲ್ಲ. ಸರಸರನೆ ಏರುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು, ಏನೋ ನೆನೆಸಿಕೊಂಡ ಹಾಗೆ ಮೆಲ್ಲಗೆ ಇಳಿಯುತ್ತಿತ್ತು. ಏನನ್ನೂ ನೋಡಿರದ ಕೂಸು ಕನಸಿನಲ್ಲಿ ಏನನ್ನು ಕಾಣಬಹುದು? ಹೊಟ್ಟೆಯೊಳಗಿನ ಬೆಚ್ಚನೆಯ ಕತ್ತಲನ್ನೋ, ನೀರಿನಾಚೆಯಿಂದ ಕೇಳುತ್ತಿದ್ದ ಸನಾದಿಯನ್ನೋ. ನಾನು ಡಾಕ್ಟರು ಎಂಬುದು ನನಗೇ ಮರೆತುಹೋಗಿತ್ತು. ಆ ಹಸಿರಿನೊಳಗೆ ಕೈಯದ್ದಬೇಕು ಅನ್ನಿಸುತ್ತಿತ್ತು.

ದೀಪ ಇಳಿಯಿತು. ಮತ್ತೆ ಏರಲಿಲ್ಲ.

“ಮೇಡಂ!” ಎಂದು ಮಾಬುಸಾಬ ಚೀರಿದಾಗಲೇ ನನಗೆ ಎಚ್ಚರ. ಅವನು ಆಗಲೇ ಫೋನು ಹಚ್ಚಿ ನನ್ನ ಕೈಗಿಟ್ಟಿದ್ದ. ಆ ಕಡೆ ಕಸ್ತೂರಿ ಎತ್ತಿದಳು. “ಪಾದ! ಕಸ್ತೂರಿ, ಕೂಸಿನ ಪಾದಕ್ಕ ಬೆರಳು ಹಚ್ಚು! ಗಟ್ಟಿಯಾಗಿ ಹಚ್ಚು!” ಎಂದು ಅರಚಿದೆ. ಏನೋ ಬಿದ್ದ ಸದ್ದಾಯಿತು. ಆಮೇಲೆ ಫೋನಿನಲ್ಲಿ ಅಳು ಕೇಳಿತು, ಗೋಡೆಯ ಮೇಲೆ ಹಳದಿ ಬೆಳಕು ಹತ್ತಿತು. ನಾನು ನೆಲದ ಮೇಲೆ ಕೂತುಬಿಟ್ಟೆ.

ನಾವು ಹೋಗುವಷ್ಟರಲ್ಲಿ ಆ ಮನೆಯಲ್ಲಿ ಜಗಳ ನಡೆದು ಮುಗಿದಿತ್ತು. ಕೂಸಿಗೆ ಎರೆದ ಬಚ್ಚಲು ಇನ್ನೂ ಹಸಿಯಾಗಿತ್ತು, ಲೋಬಾನದ ಹೊಗೆ ಜಂತಿಗೆ ಸುತ್ತಿಕೊಂಡಿತ್ತು. ಕಸ್ತೂರಿ ಕೂಸನ್ನು ಎದೆಗವಚಿ ಗೋಡೆಗೆ ಒರಗಿದ್ದಳು. ಮೂಲೆಯಲ್ಲಿ ಸಾಣೆಕಲ್ಲು, ಅದರ ಮೇಲೆ ತೇದ ಜಾಜಿಕಾಯಿ.

ಜಾಜಿಕಾಯಿ ನಿದ್ದೆ ತರಿಸುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅಷ್ಟು ಸಣ್ಣ ಕೂಸಿಗೆ ಅದು ವಿಷವೆಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಎದಿಹಾಲು ಬಿಟ್ಟು ಏನೂ ಬೇಡ ಎಂದಿರಲಿಲ್ಲವೆ ಎಂದು ಕೂಗಾಡಿದೆ.

“ಎದಿಹಾಲಾಗ ತೇದೇನ್ರಿ,” ಎಂದಳು ಫಕೀರವ್ವ. ಅವಳ ದನಿ ಎಲ್ಲಿಂದಲೋ ಬಂದ ಹಾಗಿತ್ತು. “ನೀರ ಸೈತ ಮುಟ್ಟಿಸಿಲ್ಲ. ಆಕಿದ ಹಾಲು, ಆಕಿದ ಕೂಸು. ಒಂದೀಟು ನಿದ್ದಿ ಹತ್ತಿದ್ರ ಸೆಟಿವಿ ಬರತಾಳ, ನಗಸತಾಳ ಅಂತ ಮಾಡ್ದೆ.” ಆಮೇಲೆ ಎದ್ದು ಹೊಸ್ತಿಲ ಆಚೆ ಹೋಗಿ ಕೂತಳು. “ಇನ್ನ ನಾ ಕೂಸಿನ್ನ ಮುಟ್ಟಾಕಿ ಅಲ್ಲ.”

ಆಗ ಕಸ್ತೂರಿ ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳಿದಳು: “ಆದ್ರ ಬಾಯಾರ, ನಕ್ಕಳ್ರಿ. ಉಸಿರು ನಿಂದ್ರೂಕ್ಕಿಂತ ಮದಲ. ಹಾಲು ಕುಡದು ಮಕ್ಕೊಂಡಾಕಿ ಬಾಯಿ ಇಷ್ಟಗಲ ಮಾಡಿದ್ಲು.”

ಜಾಜಿಕಾಯಿಯ ಅಮಲು ಇಳಿಯುವ ತನಕ ಕೂಸಿನ ಹತ್ತಿರವೇ ಕೂತು, ಆಮೇಲೆ ಉಸಿರುಮನೆಗೆ ಹೊಳ್ಳಿ ಬಂದು, ಆ ಹಸಿರು ಗಳಿಗೆಯ ನರಗಳ ತಾಳವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಕನಸಿನಲ್ಲಿ ಆ ಪುಟ್ಟ ಗುಂಪು ಒಂದೇ ತಾಳ ಹಾಕುತ್ತಿರಲಿಲ್ಲ. ತಪ್ಪುತ್ತಿತ್ತು, ಎಡವುತ್ತಿತ್ತು, ತಾನೇ ಸಾವರಿಸಿಕೊಳ್ಳುತ್ತಿತ್ತು. ಎಡವಿದ್ದು ಎಷ್ಟೋ ಸಲ. ಕೊನೆಯ ಸಲವಷ್ಟೇ ಏಳಲಾಗಲಿಲ್ಲ. ಅದು ಕಲಿಯುತ್ತಿತ್ತು! ಜಾಗರಿಯ ಹಳದಿ ತಾಳವೋ, ಮೊದಲ ದಿನ ಹೇಗಿತ್ತೋ ಇಂದಿಗೂ ಹಾಗೇ. ಕೈಹಿಡಿದು ಬರೆಸಿದ ಅಕ್ಷರ ದುಂಡಗಿರುತ್ತದೆ, ನಿಜ. ಕೈ ಬಿಟ್ಟರೆ ಮಗುವಿಗೆ ಒಂದು ಗೆರೆಯೂ ಬರುವುದಿಲ್ಲ.

ನಾವು ಮಕ್ಕಳಿಗೆ ಉಸಿರು ಕೊಟ್ಟು, ಉಸಿರಾಟ ಕಲಿಯುವ ಪಾಠಶಾಲೆಗೆ ಬೀಗ ಹಾಕಿದ್ದೆವು. ಜಾಗರಿ ಇನ್ನು ಕೆಲವೇ ದಿನಗಳಲ್ಲಿ ಇಳಿಯುವುದಿತ್ತು, ಮೊದಲು ಕಸ್ತೂರಿಯ ಕೂಸಿಗೆ. ಅದರ ಹಿಂದೆ ಗೋಡೆಯ ಮೇಲಿನ ಅಷ್ಟೂ ಮಕ್ಕಳಿಗೆ. ಜಾಜಿಕಾಯಿ ಬೇಕಾಗಿರಲಿಲ್ಲ, ಹಸಿರು ತಾನಾಗಿಯೇ ಬರುತ್ತಿತ್ತು. ಅಭ್ಯಾಸವಿಲ್ಲದ ಕೂಸು ಆ ಕನಸಿನೊಳಗೆ ಒಂಟಿಯಾಗಿ ಇಳಿಯುತ್ತಿತ್ತು.

ದಾರಿ ಎರಡಿದ್ದವು. ಮರುದಿನ ಕಸ್ತೂರಿಯ ಎದುರು ಕೂತು ಮುಚ್ಚುಮರೆಯಿಲ್ಲದೆ ಹೇಳಿದೆ.

“ಎರಡನೇ ಹನಿ ಹಾಕಿದ್ರ?” ಎಂದು ಕೇಳಿದಳು.

“ಉಸಿರು ನಿಂದ್ರೂದಿಲ್ಲ. ಸದ್ಯಕ್ಕ ಜೀವಕ್ಕೇನೂ ಭಯಾ ಇಲ್ಲ. ಆದ್ರ ಅದು ಇಳಿದಾಗ ಮತ್ತ ಇದ ಪ್ರಶ್ನಿ.”

“ಅಲ್ಲೀ ತನಕ ನಗತಾಳೇನ್ರಿ?”

“ಇಲ್ಲ.”

“ಹಾಕದಿದ್ರ?”

“ನಗತಾಳ. ನಗೂ ಹೊತ್ತಿನಾಗ ಉಸಿರು ಮರೀಬಹುದು. ಕಲಿಯೂ ತನಕ ಹಗಲೂ ರಾತ್ರಿ ಒಬ್ಬರು ಹಂತ್ಯಾಕ ಇರಬೇಕು. ಕಣ್ಣು ಪಿಳುಕಿಸೂವಷ್ಟು ಹೊತ್ತೂ ಬಿಡಂಗಿಲ್ಲ. ದವಾಖಾನಿಗೆ ಕರಕೊಂಡು ಬಾ, ಅಲ್ಲೆ ನೋಡೋಣು.”

“ದವಾಖಾನ್ಯಾಗ ಒಬ್ಬ ನರ್ಸಿಗೆ ಎಷ್ಟು ಕೂಸ್ರಿ?” ಎಂದಳು. ಆಮೇಲೆ ಕೂಸಿನ ಮುಖ ನೋಡಿದಳು. “ಹನಿ ಬ್ಯಾಡ್ರಿ. ಆಕಿ ಮರತ್ರ ನಾವು ನೆನಪು ಮಾಡತೇವಿ.”

ಆಗ ದುರ್ಗಪ್ಪ ಹೇಳಿದ ಮಾತು ಇದು: “ಸನಾದಿ ಮ್ಯಾಳದಾಗ ಒಬ್ಬ ರಾಗಾ ಊದತಾನ್ರಿ, ಇನ್ನೊಬ್ಬ ಬರೇ ಸುರಾ ಹಿಡೀತಾನ. ಸುರಾ ಹಿಡದವ ಎದ್ದು ಹೋಗಬೇಕಾದ್ರ, ಮುಂದಿನವ ತನ್ನ ಸುರಾ ಎತ್ತಿರಬೇಕು. ಅದು ಕೇಳಿದ ಮ್ಯಾಲನ ಇವ ಬಾಯಿ ತಗೀತಾನ. ನಡುವ ಖಾಲಿ ಬಿಡೂ ಪದ್ಧತಿ ನಮ್ಮಲ್ಲಿಲ್ಲ. ಇದನ್ನೂ ಹಂಗ ಮಾಡೂಣು.”

ಹಾಗೇ ಮಾಡಿದೆವು. ಒಬ್ಬರ ಬೆರಳು ಕೂಸಿನ ಪಾದದ ಮೇಲೆ ಬಂದು ಕೂತ ಮೇಲೆಯೇ ಮೊದಲಿನವರ ಬೆರಳು ಏಳಬೇಕು. ಕಸ್ತೂರಿಯ ಗಂಡ, ಅವನೂ ವಾದ್ಯದವನೇ, ಲಗ್ನಗಳಿಗೆ ಒಪ್ಪಿ ಹಿಡಿದ ಸುಪಾರಿಗಳನ್ನೆಲ್ಲ ಬಿಟ್ಟು ಬಂದ. ಓಣಿಯವರು ಪಾಳಿ ಹಚ್ಚಿದರು. ನಾನು ಉಸಿರು ತುಂಬುವ ಚೀಲ ಇಟ್ಟುಕೊಂಡು ಮಗ್ಗುಲ ಕೋಣೆಯಲ್ಲಿ ಠಿಕಾಣಿ ಹೂಡಿದೆ. ಮಾಬುಸಾಬ ಗೋಡೆಯ ಮುಂದಿನಿಂದ ಏಳದೆ ಫೋನಿನಲ್ಲಿ ಬಣ್ಣ ಹೇಳುತ್ತಿದ್ದ. ಉಳಿದ ಮನೆಗಳಿಗೂ ಹೀಗೇ ಮಾಡಲು ಹೇಳಿಕಳಿಸಿದೆವು. ನರಗುಂದದಲ್ಲಿ ಸಾಲಿಯ ಮಾಸ್ತರರು ರಜೆ ಹಾಕಿ ಕೂತರಂತೆ, ರೋಣದಲ್ಲಿ ಬೀದಿಯ ತಿರುವಿನಲ್ಲಿ ಭಜಿ ಕರಿಯುವ ಹೆಂಗಸರು ಕೈ ತೊಳೆದುಕೊಂಡು ಬಂದರಂತೆ. ಮಾತು ಬಾರದ ಮಕ್ಕಳ ಪಾದದ ಮೇಲೆ ಇಡೀ ಜಿಲ್ಲೆ ಬೆರಳಿಟ್ಟು ಕೂತ ಬೇಸಿಗೆ ಅದು.

ಒಂದು ತೊಡಕಿತ್ತು. ಕೂಸು ಉಸಿರು ನಿಲ್ಲಿಸಿದ ಕೂಡಲೇ ಎಬ್ಬಿಸಿದರೆ ಅದು ತಾನಾಗಿ ಸಾವರಿಸಿಕೊಳ್ಳಲು ಕಲಿಯುವುದಿಲ್ಲ. ತಡ ಮಾಡಿದರೆ ಕೈತಪ್ಪುತ್ತದೆ. ಗಡಿಯಾರ ನೋಡಿದರೆ ಕಣ್ಣು ಕೂಸಿನಿಂದ ಸರಿಯುತ್ತದೆ. ಅದಕ್ಕೇ ನಾನೊಂದು ಸುಲಭದ ಲೆಕ್ಕ ಹೇಳಿಕೊಟ್ಟೆ: ಕೂಸು ಉಸಿರು ನಿಲ್ಲಿಸಿದಾಗ ನೀವೂ ನಿಲ್ಲಿಸಿ, ನಿಮಗೆ ತಡೆಯಲಾಗದಿದ್ದರೆ ಬೆರಳು ಆಡಿಸಿ. ಬೇರೆ ಮನೆಗಳಲ್ಲಿ ಇದು ನಡೆಯಿತು. ಇಲ್ಲಿ ನನ್ನ ಜಾಣತನ ಮಣ್ಣುಪಾಲಾಯಿತು. ಜಾಗರಿ ಇಳಿದ ಮೇಲಿನ ಮೊದಲ ಹಸಿರು ಬಂದು ಉಸಿರು ನಿಂತಾಗ ದುರ್ಗಪ್ಪ ತಾನೂ ಉಸಿರು ಹಿಡಿದು ಆರಾಮಾಗಿ ಕೂತುಬಿಟ್ಟ. ಸನಾದಿಯವನ ಎದೆ ಅದು, ಕೆರೆಯ ತಳ ಮುಟ್ಟಿ ಬರುವಷ್ಟು ಉಸಿರು ಅವನಲ್ಲಿತ್ತು. ಕೂಸಿನ ತುಟಿ ಕಪ್ಪಿಡುವುದನ್ನು ಕಂಡು ನಾನೇ ಹಾರಿ ಹೋಗಿ ಪಾದ ತಟ್ಟಿದೆ.

“ನಿಮ್ಮ ಉಸಿರು ಇಲ್ಲೆ ನಡಿಯೂದಿಲ್ಲ! ಸಣ್ಣ ಉಸಿರಿನವರು ಬೇಕು,” ಎಂದೆ. ಹೇಳಿದ ಮರುಕ್ಷಣ ಎಲ್ಲರೂ ಹೊಸ್ತಿಲ ಕಡೆ ನೋಡಿದೆವು.

ಅಲ್ಲಿ ಕೂತು ಫಕೀರವ್ವ ಹತ್ತಿ ಹೊಸೆಯುತ್ತಿದ್ದಳು. ಆ ದಿನದಿಂದ ಅವಳು ಒಳಗೆ ಬಂದಿರಲಿಲ್ಲ.

“ನಾ ಒಲ್ಲೆ,” ಎಂದಳು. “ನನ್ನ ಕೈಗುಣ ಸುಮಾರೈತಿ.”

ಕಸ್ತೂರಿ ಎದ್ದು ಹೋಗಿ ತಾಯಿಯ ಕೈಯಿಂದ ಹತ್ತಿ ಬಿಡಿಸಿದಳು. “ಯವ್ವಾ, ನನಗ ಸಿಟ್ಟು ಇನ್ನೂ ಐತಿ. ಇರವಲ್ದಾಕ. ನಿನ್ನಷ್ಟು ಸಣ್ಣ ಉಸಿರು ಈ ಮನ್ಯಾಗ ಮತ್ಯಾರದೂ ಇಲ್ಲ. ಏಳು.”

ಫಕೀರವ್ವ ಕೂಸಿನ ಕಾಲದೆಸೆಯಲ್ಲಿ ಕೂತಳು. ಬೆರಳನ್ನು ಮೊದಲು ಸೆರಗಿಗೆ ಒರೆಸಿಕೊಂಡು, ಆಮೇಲೆ ಪಾದದ ನಡುವೆ ಇಟ್ಟಳು. ಹೊರಗೆ ಬಿಸಿಲು, ಒಳಗೆ ತೊಟ್ಟಿಲ ನೆರಳು. ಹೊತ್ತು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಂಥ ಮಧ್ಯಾಹ್ನ.

“ಹಸಿರು ಬಂತ್ರಿ,” ಎಂದ ಮಾಬುಸಾಬ ಫೋನಿನಲ್ಲಿ, ಗುಡಿಯಲ್ಲಿ ಮಾತಾಡುವವನ ಹಾಗೆ.

ಕೂಸಿನ ರೆಪ್ಪೆಯ ಕೆಳಗೆ ಕಣ್ಣು ಆಡತೊಡಗಿತು. ಎದೆ ಸರಸರನೆ ಏರಿತು, ತಡೆಯಿತು, ಇಳಿಯಿತು. ಆಮೇಲೆ ನಿಂತಿತು.

ಫಕೀರವ್ವ ಬಾಯಿ ಮುಚ್ಚಿದಳು. ನಾನು ಒಮ್ಮೆ ಕೂಸಿನ ಮುಖ, ಒಮ್ಮೆ ಅವಳ ಮುಖ ನೋಡುತ್ತಿದ್ದೆ. ಕಸ್ತೂರಿ ನನ್ನ ಮೊಣಕೈ ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು. ಮುದುಕಿಯ ಕುತ್ತಿಗೆಯ ನರ ಎದ್ದವು, ಕಣ್ಣು ತುಂಬಿ ಬಂದವು. ಇನ್ನಾಗದು ಎಂದು ಅವಳ ಬೆರಳು ಬಾಗಿತು.

ಆ ಬೆರಳು ಆಡುವ ಮೊದಲೇ ಕೂಸು ಒಂದು ನಿಟ್ಟುಸಿರೆಳೆಯಿತು. ಇಷ್ಟು ದಿನ ಅದರ ಎದೆಯಲ್ಲಿ ನಾನು ಕಂಡಿರದಷ್ಟು ದೊಡ್ಡ ಉಸಿರು. ಪಕ್ಕೆಲುಬು ಅರಳಿ, ಗದ್ದ ಮೇಲೆದ್ದು, ಎಲ್ಲವೂ ಮೆಲ್ಲಗೆ ಇಳಿಯಿತು. ಹಿಂದೆಯೇ ಇನ್ನೊಂದು ಉಸಿರು, ಅದರ ಹಿಂದೆ ಮತ್ತೊಂದು.

“ಹಸಿರನ ಐತ್ರಿ ಮೇಡಂ,” ಎಂದ ಮಾಬುಸಾಬ. ಅವನು ಅಳುತ್ತಿದ್ದ. “ಎದ್ದಿಲ್ಲ. ನಿದ್ದ್ಯಾಗನ ಐತಿ. ಇನ್ನೂ ಹಸಿರ ಐತಿ.”

ಫಕೀರವ್ವನ ಉಸಿರು ಭರ್‍ರನೆ ಹೊರಗೆ ಬಂತು. ತೊಟ್ಟಿಲೊಳಗೆ ಕೂಸಿನ ತುಟಿಯ ಒಂದು ಕೊನೆ ಅಲುಗಿತು, ಆಮೇಲೆ ಇನ್ನೊಂದು. ಹಲ್ಲಿಲ್ಲದ ಬಾಯಿ ಅಗಲವಾಗಿ, ಮುಖವೆಲ್ಲ ನಗೆಯಾಯಿತು.

“ಬಂದಾಳ್ರಿ,” ಎಂದು ಪಿಸುಗುಟ್ಟಿದಳು ಫಕೀರವ್ವ. “ಬಾಗಲಾ ಸಿಕ್ಕೈತಿ ಆಕಿಗೆ.”

ಇಷ್ಟೆಲ್ಲ ಓದಿದ ನಾನು, ನಾಚಿಕೆಯಿಲ್ಲದೆ ಕೇಳಿದೆ: “ಏನ ಓದಿ ಹೇಳಾಕತ್ತಾಳ ಅಜ್ಜಿ?”

“ಅದು ನಮಗ್ಯಾಕ್ರಿ ಬಾಯಾರ? ಅವರಿಬ್ಬರ ಮಾತು ಅದು.”

ಅವಳ ಕಣ್ಣೀರು ಗಲ್ಲದಿಂದ ಇಳಿದು ಕೊರಳಿಗೆ ಬರುತ್ತಿತ್ತು. ಒರೆಸಿಕೊಳ್ಳಲು ಒಂದು ಕೈ ಖಾಲಿ ಇದ್ದರೂ ಮೈ ಅಲುಗಿಸುವ ಧೈರ್ಯ ಅವಳಿಗಿರಲಿಲ್ಲ. ನಾನು ಹೋಗಿ ಅವಳ ಮಗ್ಗುಲಲ್ಲಿ ಕೂತು, ಕೂಸಿನ ಪಾದದ ಮೇಲೆ ನನ್ನ ಬೆರಳಿಟ್ಟೆ. ಅದು ಅಲ್ಲಿ ಸರಿಯಾಗಿ ಕೂತಿದೆಯೆಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ತನ್ನದನ್ನು ತೆಗೆದಳು.